ದೈತ್ಯ ಮೀನು ಎಷ್ಟು ಕಿಲೋ?

ಮಕ್ಕಳೇ, 2022ರಲ್ಲಿ ಹಿರಿಯೂರಿನ ಮಾರಿಕಣಿವೆ ಕೋಡಿ ಬಿದ್ದಾಗ ‘89 ವರ್ಷಗಳ ನಂತರ’ ಎಂದು ಪತ್ರಿಕೆಗಳು ಬರೆದವು. ಅಷ್ಟು ಖಚಿತವಾಗಿ ಹೇಳಿದ್ದು ಹೇಗೆ? 1933ರಲ್ಲಿ ಕೋಡಿ ಬಿದ್ದದ್ದನ್ನು ಹಿರಿಯರು ಬರೆದಿಟ್ಟಿದ್ದರು. ಬರೆದಿಟ್ಟರೆ ಮಾತ್ರ ದಾಖಲೆ.

ಮೀನಿನ ಸುದ್ದಿಗೂ ಇದೇ ಮಾತು. ‘ಬಲೆಗೆ ಬಿತ್ತು ದೈತ್ಯ ಮೀನು’ ಎಂದು ಓದಿದಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ಜಾತಿ? ತಕ್ಕಡಿಯಲ್ಲಿ ತೂಗಿದರೋ, ಅಂದಾಜೋ? ಹಿಂದಿನ ದಾಖಲೆ ಎಷ್ಟು? ಆಮೇಲೆ ಮೀನು ಏನಾಯಿತು? ಬರೀ ಫೋಟೋ ನಂಬಬೇಡಿ. ಕೈ ಮುಂದೆ ಚಾಚಿ ಕ್ಯಾಮೆರಾ ಹತ್ತಿರ ಹಿಡಿದರೆ ಸಣ್ಣ ಕಾಟ್ಲಾ ಕೂಡ ದೈತ್ಯನೇ!

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು ಕಬಿನಿ ಹೊಳೆಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ಇತ್ತು. ಇಂದಿಗೂ ಆ ಲೆಕ್ಕ ನಮಗೆ ಸಿಗುತ್ತದೆ. ಆದರೆ ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ.

2022ರ ಜೂನ್‌ನಲ್ಲಿ ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ 300 ಕಿಲೋದ ತೊರಕೆ ಮೀನು ಸಿಕ್ಕಿತು. 2005ರಲ್ಲಿ ಥಾಯ್ಲೆಂಡಿನಲ್ಲಿ ಸಿಕ್ಕಿದ್ದ 293 ಕಿಲೋ ಮೀನಿನ ದಾಖಲೆ ಮುರಿಯಿತು. ವಿಜ್ಞಾನಿಗಳು ಅದನ್ನು ತೂಗಿ, ಅಳೆದು, ಗುರುತಿನ ಸಾಧನ ಕಟ್ಟಿ, ಜೀವಂತವಾಗಿ ನೀರಿಗೆ ಬಿಟ್ಟರು. ನಾಲ್ಕೂ ಪ್ರಶ್ನೆಗೆ ಉತ್ತರ ಸಿಕ್ಕಿತು, ಮೀನೂ ಉಳಿಯಿತು!

ನಿಮ್ಮೂರ ಕೆರೆಯಲ್ಲಿ ದೊಡ್ಡ ಮೀನು ಸಿಕ್ಕರೆ, ಹಿಡಿದವರನ್ನು ಕೇಳಿ ಜಾತಿ, ತೂಕ, ಉದ್ದ, ತಾರೀಖು ಬರೆದಿಡಿ. ಮುಂದೆ ಅದೇ ದಾಖಲೆ.