ಹೋಲಿಕೆಯಿಲ್ಲದ ಕೃತಜ್ಞತೆ

ನಾನು ಕೇಂದ್ರ ಸರ್ಕಾರದ ತೆರಿಗೆ ವಿಭಾಗದಲ್ಲಿ ಕೆಲಸ ಮಾಡುವವನು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ನಮ್ಮ ಗಾದೆಯನ್ನು ಕೇಳಿದಾಗಲೆಲ್ಲ ಮುಗುಳ್ನಗುತ್ತೇನೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿಯೂ ಸುಂಕದವನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆಯೇನೂ ಇಲ್ಲ. ಅವನು ರೋಮನ್ ಆಳ್ವಿಕೆಯ ಕಾಲದಲ್ಲಿ ತನ್ನ ಜನರಿಂದಲೇ ಹಣ ಎತ್ತುತ್ತಿದ್ದವನು, ಊರವರು ಪಾಪಿಗಳ ಪಂಕ್ತಿಯಲ್ಲಿ ಕೂರಿಸಿದವನು. ಆದರೂ ಲೂಕನ ಸುವಾರ್ತೆಯ ಒಂದು ಕಥೆಯಲ್ಲಿ ದೇವಾಲಯದಿಂದ ನೀತಿವಂತನೆನಿಸಿಕೊಂಡು ಮನೆಗೆ ಮರಳುವವನು ಅವನೇ. ಅದೇ ಹೊತ್ತಿನಲ್ಲಿ ಅದೇ ದೇವಾಲಯದಲ್ಲಿ ನಿಂತು ದೇವರಿಗೆ ಕೃತಜ್ಞತೆ ಹೇಳಿದ ಮನುಷ್ಯನಲ್ಲ. ಕೃತಜ್ಞತೆ ಹೇಳಿದವನು ಬರಿಗೈಯಲ್ಲಿ ಮರಳುವ ಈ ಕಥೆಯನ್ನು ನಾನು ಎಷ್ಟೋ ವರ್ಷ ಓದಿದ್ದೆ. ಅದು ನನ್ನ ಕುರಿತಾದದ್ದೆಂದು ತಿಳಿಯಲು ಒಂದು ಸಾವು ಬೇಕಾಯಿತು.

ಮೊದಲು ನನ್ನ ಓದಿನ ಬಗ್ಗೆ ಎರಡು ಮಾತು. ನಮ್ಮ ಮನೆತನ ಬೆಟಗೇರಿಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳವರೆಗೆ ಹಬ್ಬಿದಾಗ ಕ್ರೈಸ್ತರಾದ ನೇಕಾರ ಕುಟುಂಬಗಳಲ್ಲಿ ನಮ್ಮದೂ ಒಂದು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ 1611ರ ಕಿಂಗ್ ಜೇಮ್ಸ್ ಅನುವಾದವನ್ನು ಸಾಹಿತ್ಯಕೃತಿಯೆಂದು ಓದಿದೆ. ಅದರ ಗದ್ಯದ ಲಯಕ್ಕೆ ಮಾರುಹೋದೆ. ಅವ್ವನ ಕೈಯಲ್ಲಿದ್ದ ಕನ್ನಡ ಸತ್ಯವೇದ ಆಗ ನನಗೆ ಹಳೆಯ ಕಾಲದವರ ಪುಸ್ತಕವಾಗಿ ಕಂಡಿತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆರಂಭಿಸಿದ, ಆಮೇಲೆ ಹಲವು ಕೈಗಳು ತಿದ್ದಿದ ಆ ಕನ್ನಡದ ಬೆಲೆ ಊರು ಬಿಟ್ಟ ಮೇಲೆ ತಿಳಿಯಿತು. ಇಂಗ್ಲಿಷಿನಲ್ಲಿ ಓದಿದಾಗ ನಾನು ವಾಕ್ಯವನ್ನು ಮೆಚ್ಚುತ್ತೇನೆ. ಕನ್ನಡದಲ್ಲಿ ಓದಿದಾಗ ವಾಕ್ಯ ನನ್ನನ್ನು ಪ್ರಶ್ನಿಸುತ್ತದೆ. ಅವ್ವ ತೀರಿಕೊಂಡ ಮೇಲೆ ಆ ಪುಸ್ತಕವನ್ನು ದೆಹಲಿಗೆ ತಂದೆ. ಬೆಳಗಿನ ಐದೂವರೆಗೆ ಎದ್ದು ಒಂದೇ ಒಂದು ಪ್ರಸಂಗವನ್ನು ಓದುವುದು, ನೋಟುಪುಸ್ತಕದಲ್ಲಿ ಎರಡೇ ಸಾಲು ಬರೆಯುವುದು ನನ್ನ ಕ್ರಮ. ಓದಿದ್ದರಲ್ಲಿ ಅರ್ಥವಾಗದ್ದು ಯಾವುದು ಎಂಬುದು ಮೊದಲ ಸಾಲು. ನಿನ್ನೆಯ ದಿನಕ್ಕಾಗಿ ಕೃತಜ್ಞತೆ ಹೇಳಬೇಕಾದದ್ದು ಯಾವುದು ಎಂಬುದು ಎರಡನೆಯದು.

2021ರ ಏಪ್ರಿಲ್ ತಿಂಗಳು ದೆಹಲಿಯಲ್ಲಿದ್ದವರಿಗೆ ಮರೆಯುವಂಥದ್ದಲ್ಲ. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಆಮ್ಲಜನಕವಿಲ್ಲ, ಸ್ಮಶಾನದಲ್ಲಿಯೂ ಸರದಿ. ನಮ್ಮ ಸರ್ಕಾರಿ ವಸತಿಗೃಹದಲ್ಲಿ ಎದುರುಮನೆಯವರು ಗಢವಾಲದ ಕಡೆಯವರು. ಆ ಮನೆಯ ಯಜಮಾನರು ಮತ್ತೊಂದು ಇಲಾಖೆಯಲ್ಲಿ ಕೆಲಸಕ್ಕಿದ್ದವರು. ನನಗಿಂತ ಎರಡು ವರ್ಷ ದೊಡ್ಡವರು. ಅವರಿಬ್ಬರಿಗೂ ಜ್ವರ ಬಂದಾಗ ನನ್ನ ಹೆಂಡತಿ ಗಂಜಿ, ಸಾರು, ಅನ್ನಗಳನ್ನು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಅವರ ಬಾಗಿಲಲ್ಲಿ ಇಟ್ಟುಬರುತ್ತಿದ್ದಳು. ಎಂಟನೆಯ ದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಹನ್ನೊಂದನೆಯ ದಿನ ಅವರು ಇಲ್ಲವಾದರು.

ಆ ರಾತ್ರಿ ಎಂದಿನಂತೆ ಮನೆಯವರೆಲ್ಲ ಪ್ರಾರ್ಥನೆಗೆ ಕುಳಿತೆವು. ನಮ್ಮ ನಾಲ್ವರನ್ನೂ ಕಾಪಾಡಿದ್ದಕ್ಕಾಗಿ, ಆ ಸಂಕಟ ನಮ್ಮ ಹೊಸ್ತಿಲು ದಾಟದಂತೆ ತಡೆದದ್ದಕ್ಕಾಗಿ ನಾನು ದೇವರಿಗೆ ಸ್ತೋತ್ರ ಹೇಳಿದೆ. ಮನಃಪೂರ್ವಕವಾಗಿಯೇ ಹೇಳಿದೆ. ‘ಆಮೆನ್’ ಎಂದ ಮೇಲೆ ಒಂಬತ್ತು ವರ್ಷದ ಮಗಳು ಕೇಳಿದಳು: “ಪಪ್ಪಾ, ಎದುರುಮನೆ ಅಂಕಲನ್ನ ದೇವರು ಯಾಕೆ ಕಾಪಾಡಲಿಲ್ಲ? ನಾವು ಥ್ಯಾಂಕ್ಸ್ ಹೇಳಿದ್ದು ಆಂಟಿಗೆ ಕೇಳಿಸಿದ್ರೆ?”

ಮೊದಲ ಪ್ರಶ್ನೆಗೆ ಅಂದೂ ನನ್ನಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ. ಆದರೆ ಎರಡನೆಯ ಪ್ರಶ್ನೆಗೆ ಉತ್ತರ ತಕ್ಷಣ ಹೊಳೆಯಿತು, ಹೊಳೆದದ್ದರಿಂದಲೇ ನಾಚಿಕೆಯಾಯಿತು. ನಮ್ಮ ಮನೆಗಳ ನಡುವೆ ಇದ್ದದ್ದು ಆರು ಅಡಿಯ ಮೆಟ್ಟಿಲ ಅಂಗಳ. ಆ ಆರು ಅಡಿಯಾಚೆ ಕುಳಿತಿದ್ದ ಹೆಣ್ಣುಮಗಳ ಕಿವಿಗೆ ಬೀಳಬಾರದಂಥ ಕೃತಜ್ಞತೆಯನ್ನು ನಾನು ದೇವರಿಗೆ ಸಲ್ಲಿಸಿದ್ದೆ.

ಮರುದಿನ ಬೆಳಿಗ್ಗೆ ಲೂಕನ ಹದಿನೆಂಟನೆಯ ಅಧ್ಯಾಯವನ್ನು ತೆರೆದೆ. ಇಬ್ಬರು ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ, ಇನ್ನೊಬ್ಬ ಸುಂಕದವನು. ಫರಿಸಾಯನ ಪ್ರಾರ್ಥನೆ ಕೃತಜ್ಞತೆಯಿಂದಲೇ ಆರಂಭವಾಗುತ್ತದೆ. ಅವನು ಏನನ್ನೂ ಬೇಡುವುದಿಲ್ಲ, ದೂರುವುದೂ ಇಲ್ಲ. ತಾನು ಸುಲಿಗೆಗಾರರಂತೆ, ವ್ಯಭಿಚಾರಿಗಳಂತೆ, ಅಲ್ಲಿ ನಿಂತಿರುವ ಆ ಸುಂಕದವನಂತೆ ಇಲ್ಲವಲ್ಲ ಎಂದು ದೇವರಿಗೆ ಉಪಕಾರ ಹೇಳುತ್ತಾನೆ. ವಾರಕ್ಕೆ ಎರಡು ಉಪವಾಸ, ಗಳಿಕೆಯಲ್ಲಿ ಹತ್ತನೆಯ ಒಂದು ಪಾಲು ದಾನ. ಅವನು ಸುಳ್ಳು ಹೇಳುತ್ತಿದ್ದನೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಅವನ ಕೃತಜ್ಞತೆಯ ದೋಷವಿರುವುದು ಒಂದೇ ಕಡೆ: ಅದು ನಿಲ್ಲಬೇಕಾದರೆ ಪಕ್ಕದಲ್ಲಿ ಒಬ್ಬ ಕೆಳಗಿನವನು ಬೇಕು. ಸುಂಕದವನನ್ನು ಆ ವಾಕ್ಯದಿಂದ ತೆಗೆದುಬಿಟ್ಟರೆ ಅವನ ಸ್ತೋತ್ರವೇ ಕುಸಿಯುತ್ತದೆ.

ನನ್ನ ಪ್ರಾರ್ಥನೆಯಲ್ಲಿ ಆ ಜಾಗದಲ್ಲಿ ಎದುರುಮನೆಯವರಿದ್ದರು. ಹುದ್ದೆಯಲ್ಲಿ ಸುಂಕದವನಾಗಿದ್ದುಕೊಂಡು ನಾನು ಆಡಿದ್ದು ಫರಿಸಾಯನ ಮಾತನ್ನು.

ಇದು ನನ್ನೊಬ್ಬನ ದೋಷವಲ್ಲವೆಂದು ಈಗ ಅನ್ನಿಸುತ್ತದೆ. ಕೃತಜ್ಞತೆಯನ್ನು ನಾವು ಮಕ್ಕಳಿಗೆ ಕಲಿಸುವುದೇ ಹೋಲಿಕೆಯಿಂದ. ತಟ್ಟೆಯಲ್ಲಿ ಅನ್ನ ಬಿಟ್ಟ ಮಗುವಿಗೆ ಊಟವಿಲ್ಲದ ಮಕ್ಕಳನ್ನು ತೋರಿಸುತ್ತೇವೆ. ‘ನಮಗಿಂತ ಕೆಳಗಿನವರನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಕು’ ಎಂಬುದು ಹಿರಿಯರ ಬುದ್ಧಿವಾದ. ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಸುವಿಚಾರಗಳದ್ದೂ ಇದೇ ಧಾಟಿ. ಇದರಲ್ಲಿ ಸದುದ್ದೇಶವಿಲ್ಲವೆಂದಲ್ಲ. ಆದರೆ ಇನ್ನೊಬ್ಬನ ಹಸಿವನ್ನು ನಮ್ಮ ಊಟದ ರುಚಿ ಹೆಚ್ಚಿಸುವ ವ್ಯಂಜನ ಮಾಡಿಕೊಳ್ಳುವುದು ಕೃತಜ್ಞತೆಯಲ್ಲ, ಅದು ನಿಟ್ಟುಸಿರು. ನಿಟ್ಟುಸಿರು ಸಹಜವಾದದ್ದೇ, ಅದನ್ನು ಪ್ರಾರ್ಥನೆಯೆಂದು ಕರೆಯುವುದು ಮಾತ್ರ ತಪ್ಪು.

ಹಾಗಾದರೆ ನಿಜವಾದ ಕೃತಜ್ಞತೆ ಯಾವುದು? ಅದನ್ನು ನನಗೆ ತೋರಿಸಿದವರು ಎದುರುಮನೆಯ ಆ ಹೆಣ್ಣುಮಗಳೇ. ಜೂನ್ ತಿಂಗಳಲ್ಲಿ ಒಂದು ಸಂಜೆ ಅವರು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ನಮ್ಮ ನಾಲ್ಕು ಡಬ್ಬಿಗಳಿದ್ದವು, ತೊಳೆದು ಒರೆಸಿದವು. ಮೇಲಿನದರಲ್ಲಿ ಒಂದು ಹಿಡಿ ಸಕ್ಕರೆ. ‘ಬರಿದಾದ ಪಾತ್ರೆಯನ್ನು ಮರಳಿಸಬಾರದು’ ಎಂದು ಅವ್ವ ನೆರೆಮನೆಯ ಬಟ್ಟಲಿನಲ್ಲಿ ಒಂದಿಷ್ಟು ಸಕ್ಕರೆಯನ್ನೋ ನಾಲ್ಕು ಕರಿಬೇವಿನ ಎಸಳನ್ನೋ ಹಾಕಿ ಕಳಿಸುತ್ತಿದ್ದುದು ನೆನಪಾಯಿತು. ಬೆಟಗೇರಿಯ ಆ ರೂಢಿ ಹಿಮಾಲಯದ ತಪ್ಪಲಿನಲ್ಲಿಯೂ ಇದೆಯೆಂದು ನನಗೆ ತಿಳಿದಿರಲಿಲ್ಲ. ಅವರು ಹೆಚ್ಚು ಮಾತಾಡಲಿಲ್ಲ. ಗಂಡ ಕೊನೆಯದಾಗಿ ಬಾಯಿಗೆ ರುಚಿ ಎಂದು ಹೇಳಿ ಉಂಡದ್ದು ನಮ್ಮ ಮನೆಯ ಸಾರನ್ನು ಎಂದಷ್ಟೇ ಹೇಳಿ ಹೋದರು.

ಲೂಕನ ಹದಿನೇಳನೆಯ ಅಧ್ಯಾಯದಲ್ಲಿ, ಫರಿಸಾಯನ ಕಥೆಗಿಂತ ಸ್ವಲ್ಪ ಮೊದಲು, ಹತ್ತು ಕುಷ್ಠರೋಗಿಗಳ ಪ್ರಸಂಗವಿದೆ. ಸಮಾರ್ಯ ಮತ್ತು ಗಲಿಲಾಯಗಳ ಗಡಿಯಲ್ಲಿ ಅವರು ದೂರ ನಿಂತು ಯೇಸುವನ್ನು ಕೂಗುತ್ತಾರೆ. ಯಾಜಕರಿಗೆ ಮೈ ತೋರಿಸಿಕೊಳ್ಳಿರೆಂದು ಅವನು ಹೇಳುತ್ತಾನೆ. ಹೋಗುವ ದಾರಿಯಲ್ಲಿಯೇ ರೋಗ ವಾಸಿಯಾಗುತ್ತದೆ. ಹತ್ತರಲ್ಲಿ ಒಬ್ಬ ಮಾತ್ರ ಹಿಂದಿರುಗಿ ಬಂದು ಯೇಸುವಿನ ಕಾಲಿಗೆ ಬೀಳುತ್ತಾನೆ. ಅವನು ಸಮಾರ್ಯದವನು, ಯೆಹೂದ್ಯರ ಕಣ್ಣಿಗೆ ಹೊರಗಿನವನು.

ಉಳಿದ ಒಂಬತ್ತು ಜನರ ಬಗ್ಗೆ ಸರ್ಕಾರಿ ನೌಕರನಾದ ನನಗೆ ಸಹಾನುಭೂತಿಯಿದೆ. ಅವರು ಆಜ್ಞೆ ಮೀರಿದವರಲ್ಲ. ಯಾಜಕಕಾಂಡದ ಹದಿನಾಲ್ಕನೆಯ ಅಧ್ಯಾಯದ ವಿಧಿಯಂತೆ, ವಾಸಿಯಾದವನನ್ನು ಯಾಜಕನು ಪರೀಕ್ಷಿಸಿ ಶುದ್ಧನೆಂದು ಹೇಳಿದ ಮೇಲೆಯೇ ಅವನು ಊರೊಳಗೆ ಬರಬಹುದಾಗಿತ್ತು. ಅವರು ಪ್ರಮಾಣಪತ್ರಕ್ಕಾಗಿ ಕಚೇರಿಗೆ ಹೋದರು, ಅಷ್ಟೇ. ಮನೆ, ಮಕ್ಕಳು, ಕೆಲಸ ಎಲ್ಲವೂ ಅವರಿಗಾಗಿ ಕಾಯುತ್ತಿದ್ದವು. ಸಮಾರ್ಯದವನು ಹಿಂದಿರುಗಿದ. ತನ್ನದಲ್ಲದ ಸೀಮೆಯವನ ಕೈಯಿಂದ ಬಂದ ಉಪಕಾರ ಅವನಿಗೆ ಹಕ್ಕೆಂದು ತೋರಿರಲಾರದು. ಹೊರನಾಡಿನಲ್ಲಿ ನೆಲೆಸಿದ ನಮಗೆ ಇದು ಅರ್ಥವಾಗಬೇಕು. ಭಾಷೆ ಬಾರದ ಊರಿನಲ್ಲಿ ಮೊದಲ ಬಾಡಿಗೆ ಮನೆ ಕೊಡಿಸಿದವರು, ಮಗುವಿಗೆ ಜ್ವರ ಬಂದ ರಾತ್ರಿ ಡಾಕ್ಟರ ಬಾಗಿಲು ತೋರಿಸಿದವರು ನಮ್ಮೆಲ್ಲರ ಬದುಕಿನಲ್ಲಿಯೂ ಇದ್ದಾರೆ. ಊರು ನಮ್ಮದೆನ್ನಿಸಿದ ಮೇಲೆ ಮೊದಲು ಮರೆಯುವುದು ಅವರನ್ನೇ.

‘ಕೃತಜ್ಞ’ ಎಂದರೆ ಮಾಡಿದ್ದನ್ನು ಬಲ್ಲವನು. ಇಂಗ್ಲಿಷಿನ ‘ಥ್ಯಾಂಕ್’ ಮತ್ತು ‘ಥಿಂಕ್’ ಪದಗಳಿಗೂ ಬೇರು ಒಂದೇ. ಎರಡು ಭಾಷೆಗಳಲ್ಲಿಯೂ ಕೃತಜ್ಞತೆ ಮೂಲತಃ ತಿಳಿವಿನ ಕೆಲಸ, ಭಾವದ ಉಕ್ಕಲ್ಲ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇನ್ನೊಂದು ನಂಟಿದೆ: ಕೃಪೆಗೆ ‘ಖಾರಿಸ್’, ಕೃತಜ್ಞತೆಗೆ ‘ಯೂಖರಿಸ್ತಿಯಾ’. ಕೃಪೆಯ ಒಡಲಿನಿಂದಲೇ ಕೃತಜ್ಞತೆ ಹುಟ್ಟುತ್ತದೆ. ನಮ್ಮ ಆಡುಮಾತಿನಲ್ಲಿ ಈ ಜಾಗದಲ್ಲಿ ‘ಋಣ’ವಿದೆ, ಅನ್ನದ ಋಣ, ಹಾಲಿನ ಋಣ. ಋಣವನ್ನು ತೀರಿಸಬಹುದು, ತೀರಿತೆಂದು ಎದ್ದು ಹೋಗಬಹುದು. ಕೃಪೆಯನ್ನು ತೀರಿಸಲಾಗದು. ಒಂದು ಹಿಡಿ ಸಕ್ಕರೆ ನಾಲ್ಕು ಡಬ್ಬಿ ಊಟದ ಬೆಲೆಯಲ್ಲ. ಹಿಂದಿರುಗಿ ಬಂದೆನೆಂಬುದರ ಗುರುತು.

ಇಲ್ಲಿ ಒಂದು ಆಕ್ಷೇಪ ಏಳಬಹುದು, ಏಳಬೇಕು ಕೂಡ. ಕೃತಜ್ಞತೆಯ ಉಪದೇಶ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ‘ಕೆಲಸವಾದರೂ ಇದೆಯಲ್ಲ’ ಎಂದು ಗುತ್ತಿಗೆ ಕಾರ್ಮಿಕನಿಗೆ, ‘ಮನೆಯಾದರೂ ಇದೆಯಲ್ಲ’ ಎಂದು ಸೊಸೆಗೆ ಹೇಳುತ್ತೇವೆ. ದೂರನ್ನು ಅಡಗಿಸುವ ಈ ಕೃತಜ್ಞತೆಗೆ ಧರ್ಮಗ್ರಂಥದ ಬೆಂಬಲ ಹುಡುಕುವವರು ಕೀರ್ತನೆಗಳ ಪುಸ್ತಕವನ್ನು ಓದಬೇಕು. ಅದರ ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಪ್ರಲಾಪಗಳೇ. ಎಂಬತ್ತೆಂಟನೆಯದಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲಲ್ಲಿಯೇ ಮುಗಿಯುತ್ತದೆ. ಆದರೂ ಅದನ್ನು ಸ್ತುತಿಗಳ ನಡುವಿನಿಂದ ಯಾರೂ ಕಿತ್ತೆಸೆಯಲಿಲ್ಲ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಕೃತಜ್ಞರಾಗಿರಿ ಎನ್ನುವುದು ಎಲ್ಲ ಸ್ಥಿತಿಗಳ ‘ಒಳಗಿದ್ದು’. ಪ್ರತಿಯೊಂದು ಕೇಡಿಗೂ ಉಪಕಾರ ಹೇಳಿರೆಂದಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲದಕ್ಕಾಗಿ ಎಂಬ ಮಾತೂ ಇದೆ. ಅಲ್ಲಿಗೆ ನಾನಿನ್ನೂ ತಲುಪಿಲ್ಲ, ತಲುಪಿದಂತೆ ನಟಿಸುವುದೂ ಇಲ್ಲ. ನೋಟುಪುಸ್ತಕದ ಮೊದಲ ಸಾಲು ಇರುವುದು ಇಂಥ ಮಾತುಗಳಿಗಾಗಿಯೇ.

ಇನ್ನೊಂದನ್ನೂ ಗಮನಿಸಬೇಕು. ಒಂಬತ್ತು ಜನ ಎಲ್ಲಿ ಎಂದು ಯೇಸು ಕೇಳುತ್ತಾನೆ. ಆದರೆ ಅವರ ಆರೋಗ್ಯವನ್ನು ಹಿಂದಕ್ಕೆ ಪಡೆಯುವುದಿಲ್ಲ. ಕೊಟ್ಟದ್ದು ಕೊಟ್ಟದ್ದೇ. ಕೃತಜ್ಞತೆಯನ್ನು ಷರತ್ತಾಗಿ ಇಟ್ಟು ಕೊಡುವವನು ಸಾಲಗಾರರನ್ನು ಸೃಷ್ಟಿಸುತ್ತಾನೆ. ಆದ್ದರಿಂದ ಕೃತಜ್ಞತೆ ಇನ್ನೊಬ್ಬರಿಂದ ವಸೂಲು ಮಾಡುವಂಥದ್ದಲ್ಲವೆಂದು ನಾನು ನಂಬಿದ್ದೇನೆ. ವಸೂಲಿಯನ್ನೇ ವೃತ್ತಿ ಮಾಡಿಕೊಂಡವನ ಮಾತಿದು.

ಅಂದಿನಿಂದ ನಮ್ಮ ಮನೆಯ ರಾತ್ರಿಯ ಪ್ರಾರ್ಥನೆಯಲ್ಲಿ ಒಂದು ನಿಯಮವಿದೆ. ಅದನ್ನು ರೂಪಿಸಿದವಳು ಮಗಳೇ. ಎದುರುಮನೆಯ ಆಂಟಿ ಕೇಳಿಸಿಕೊಂಡರೂ ನೋವಾಗದಂಥ ಮಾತನ್ನು ಮಾತ್ರ ಹೇಳಬೇಕು. ನೀವು ಯಾವ ಧರ್ಮದವರಾಗಿದ್ದರೂ, ಯಾವುದನ್ನೂ ನಂಬದವರಾಗಿದ್ದರೂ, ಈ ನಿಯಮವನ್ನು ಒಮ್ಮೆ ಪ್ರಯೋಗಿಸಿ ನೋಡಬಹುದು. ನಮ್ಮ ಎಷ್ಟೋ ಧನ್ಯವಾದಗಳು ಇದರಲ್ಲಿ ಸೋತುಹೋಗುತ್ತವೆ. ಉಳಿಯುವವು ಸಣ್ಣವು: ಇಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದದ್ದು, ಮೆಟ್ರೋದಲ್ಲಿ ಅಪರಿಚಿತನೊಬ್ಬ ಜಾಗ ಬಿಟ್ಟುಕೊಟ್ಟದ್ದು, ಅವ್ವನ ಪುಸ್ತಕದ ಅಂಚಿನಲ್ಲಿ ಅವಳ ಪೆನ್ಸಿಲಿನ ಗೆರೆ ಇನ್ನೂ ಮಾಸದಿರುವುದು.

ಆ ಹೆಣ್ಣುಮಗಳು ಮರುವರ್ಷ ವಸತಿಗೃಹವನ್ನು ಬಿಟ್ಟುಕೊಟ್ಟು ತಮ್ಮ ಊರಿಗೆ ಮರಳಿದರು. ಅಂದು ಪ್ರಯಾಣಕ್ಕೆಂದು ನನ್ನ ಹೆಂಡತಿ ಬುತ್ತಿ ಕಟ್ಟಿಕೊಟ್ಟಳು, ಅದೇ ಡಬ್ಬಿಗಳಲ್ಲಿ. ಅವನ್ನು ಹೇಗೆ ಮರಳಿಸುವುದೆಂದು ಅವರು ಕೇಳಿದಾಗ, ಮರಳಿಸಬೇಕಿಲ್ಲವೆಂದು ಹೇಳಿದೆವು.