ಪಟ್ಟಿ ಬರೆಯೋ ಕೈ ಯಾರದು?

ಗಣಕಯಂತ್ರದ ಲೋಕದಲ್ಲಿ ಒಂದು ಕಾಲಕ್ಕೆ ಮೇಲು ಕೀಳು ಇರಲಿಲ್ಲ, ಎಲ್ಲರೂ ಸಮಾನರಾಗಿದ್ದರು ಅಂತ ಹಳಬರು ಕಥೆ ಹೇಳ್ತಾರೆ. ಈ ಕಥೆಯನ್ನು ನಾವು ನಂಬೋದಿಲ್ಲ.

1978ರಲ್ಲಿ ಶಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರಾಂಡಿ ಸೂಸ್ ಎಂಬ ಹವ್ಯಾಸಿಗಳು ಟೆಲಿಫೋನ್ ತಂತಿಗೆ ಕಂಪ್ಯೂಟರ್ ಕಟ್ಟಿ ಮೊದಲ ಬುಲೆಟಿನ್ ಬೋರ್ಡ್ ತೆರೆದರು. 1984ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ಇಂಥ ಬೋರ್ಡುಗಳನ್ನು ಬೆಸೆದು ಫೈಡೋನೆಟ್ ಶುರು ಮಾಡಿದ. ಆತ ಅರಾಜಕವಾದಿ. ರಾತ್ರಿ, ಫೋನ್ ದರ ಇಳಿದಾಗ, ಒಂದು ಯಂತ್ರ ಇನ್ನೊಂದಕ್ಕೆ ಫೋನ್ ಮಾಡಿ ಕಾಗದ ದಾಟಿಸೋದು. ಸರ್ಕಾರ ಬೇಡ, ಕಂಪನಿ ಬೇಡ. ಒಳ್ಳೆಯ ಕನಸೇ.

ಆದರೆ ಕಾಗದಕ್ಕೆ ವಿಳಾಸ ಬೇಕಲ್ಲ? ಆ ವಿಳಾಸಗಳ ಪಟ್ಟಿಯೇ ನೋಡ್‌ಲಿಸ್ಟ್. ಪಟ್ಟಿ ಬರೆಯೋ ಕೈಗೆ ಅಧಿಕಾರ ಹೋಯ್ತು. ಗೆಳೆಯರೇ, 1989ರ ನಾಲ್ಕನೇ ನಿಯಮಾವಳಿ ಓದಿ ನೋಡಿ. ವಲಯದ ಮುಖ್ಯಸ್ಥ ಪ್ರಾಂತ್ಯದವನನ್ನು ನೇಮಿಸ್ತಾನೆ, ಪ್ರಾಂತ್ಯದವನು ಸ್ಥಳೀಯ ಜಾಲದವನನ್ನು ನೇಮಿಸ್ತಾನೆ. ನಿಯಮ ತಿದ್ದುವ ಮತವೂ ಇವರದ್ದೇ. ಕೆಳಗಿನವರ ಅಭಿಪ್ರಾಯ ತಿಳಿದು ಮತ ಹಾಕಿ ಅಂತ ಒಂದು ಬುದ್ಧಿಮಾತು ಇದೆ, ಅಷ್ಟೇ. ಸ್ವಂತ ಯಂತ್ರ, ಸ್ವಂತ ಕರೆಂಟು, ಸ್ವಂತ ಫೋನ್ ಬಿಲ್ಲಿನಿಂದ ಜಾಲವನ್ನು ಹೊತ್ತ ಸಾವಿರಾರು ಮಂದಿಗೆ ನೇರ ಮತವಿಲ್ಲ. ಬೋರ್ಡಿಗೆ ಫೋನ್ ಮಾಡಿ ಓದಿ ಬರೆಯೋ ಸಾಮಾನ್ಯನಿಗಂತೂ ಪಟ್ಟಿಯಲ್ಲೇ ಜಾಗವಿಲ್ಲ.

ನಂಬರು ಬೇಡುವ ಅರ್ಜಿಯನ್ನು ಆ ಜಾಲದ ಮೂಲಕವೇ ಕಳಿಸಬೇಕು. ಒಳಗೆ ಬರೋ ಮುಂಚೆ ಒಳಗಿನ ವಿದ್ಯೆ ಕಲಿತಿರಬೇಕು! ಕಲಿಸೋರು ಯಾರು? ಯಂತ್ರ ಕೊಳ್ಳೋ ದುಡ್ಡು ಯಾರ ಹತ್ರ ಇತ್ತು? ಜಾಲದ ಅಧಿಕೃತ ಭಾಷೆ ಇಂಗ್ಲಿಷ್ ಅಂತಲೂ ಅಲ್ಲೇ ಬರೆದಿದೆ. ಬೇರೆ ಭಾಷೆಗೆ ಅನುವಾದ ಮಾಡ್ಕೊಳ್ಳಿ ಅನ್ನೋ ಔದಾರ್ಯ ಬೇರೆ.

ಇನ್ನೊಬ್ಬರಿಗೆ ಅತಿಯಾಗಿ ಕಿರಿಕಿರಿ ಮಾಡಬೇಡ ಅನ್ನೋದು ಅಲ್ಲಿಯ ದೊಡ್ಡ ನೀತಿ. ಯಾವುದು ಅತಿ? ತೀರ್ಮಾನಿಸೋನೂ ಮುಖ್ಯಸ್ಥನೇ. ಪ್ರಶ್ನೆ ಕೇಳಿದೋರೆಲ್ಲ ಯಜಮಾನನಿಗೆ ಕಿರಿಕಿರಿಯೇ ಅನ್ನೋದು ನಮಗೆ ಗೊತ್ತಿಲ್ಲವೇ? ಪಟ್ಟಿಯಿಂದ ಹೆಸರು ಹೊಡೆದರೆ ಮುಗೀತು. ಯಂತ್ರ ಮನೇಲೇ ಇರುತ್ತೆ, ಕಾಗದ ಬರೋದಿಲ್ಲ.

ಎಲ್ಲರೂ ಈ ಬಾಗಿಲಲ್ಲೇ ಕಾದು ಕೂರಲಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಕಪ್ಪುಜನ ಅದೇ ತಂತ್ರದಿಂದ ತಮ್ಮದೇ ಆಫ್ರೋನೆಟ್ ಕಟ್ಟಿದರು. ತಂತ್ರ ಯಾರಪ್ಪನ ಸ್ವತ್ತೂ ಅಲ್ಲ ಅಂತ ತೋರಿಸಿದರು.

ಇವತ್ತು ಜಾಲಗಳು ದೊಡ್ಡ ಕಂಪನಿಗಳ ಕೈಯಲ್ಲಿವೆ. ಹವ್ಯಾಸಿಗಳ ಕಾಲಕ್ಕೆ ಮರಳಿದರೆ ಸಾಕು ಅಂತ ಕೆಲವರು ಹಲುಬುತ್ತಾರೆ. ಸಾಲದು ಅಂತೀವಿ ನಾವು. ಕಂಪನಿ ಇಲ್ಲದ ಕಡೆಯೂ ಯಜಮಾನ ಹುಟ್ಟಿದ್ದಾನೆ. ಪಟ್ಟಿ ಬರೆಯೋನನ್ನು ಪಟ್ಟಿಯಲ್ಲಿರೋರು ಆರಿಸಬೇಕು. ತಪ್ಪಿದರೆ ಇಳಿಸಬೇಕು. ಪಟ್ಟಿಯ ಹೊರಗೆ ನಿಂತೋರು ಯಾಕೆ ಹೊರಗಿದ್ದಾರೆ ಅನ್ನೋದಕ್ಕೆ ಅವನು ಎಲ್ಲರೆದುರು ಉತ್ತರ ಕೊಡಬೇಕು.