ಮಯ್ಯತ್ ಊರಿಗೆ ಬಂತು, ಮರಣ ಪತ್ರ ಅಲ್ಲೇ ಉಳಿಯಿತು

ನಮ್ಮ ಮಹಲ್ಲುಗಳಲ್ಲಿ ಒಂದು ಮರಣವಾದರೆ ಯಾರಿಗೂ ಏನೂ ಹೇಳಿಕೊಡಬೇಕಾಗಿಲ್ಲ. ಯುವಕರು ಖಬರ್ ಅಗೆಯಲು ಹೊರಡುತ್ತಾರೆ, ಕಫನ್ ಬಟ್ಟೆ ಬರುತ್ತದೆ, ಜನಾಝ ನಮಾಝಿನ ಸಮಯ ಗಳಿಗೆಯೊಳಗೆ ಎಲ್ಲರ ಮೊಬೈಲಿಗೆ ತಲುಪುತ್ತದೆ. ಈ ವಿಷಯದಲ್ಲಿ ನಮ್ಮ ಜಮಾಅತ್‌ಗಳ ಒಗ್ಗಟ್ಟು ಮೆಚ್ಚುವಂಥದ್ದು. ಆದರೆ ದಫನ್ ಮುಗಿದ ಮೇಲೆ ಉಳಿಯುವ ಒಂದು ಕೆಲಸವನ್ನು ಮಾತ್ರ ನಾವು ಯಾರಿಗೂ ವಹಿಸುವುದಿಲ್ಲ. ಅದು ಮರಣ ನೋಂದಣಿ.

ಊರಲ್ಲೇ ಆದ ಮರಣವಾದರೆ ಹೇಗೋ ನಡೆಯುತ್ತದೆ. ಕಷ್ಟ ಬರುವುದು ದೂರದಲ್ಲಿ ಆದ ಮರಣಕ್ಕೆ. ನಮ್ಮವರು ಗಲ್ಫಿಗೆ ಮಾತ್ರ ಹೋದವರಲ್ಲ. ಹೋಟೆಲ್, ಬೇಕರಿ, ವ್ಯಾಪಾರ ಅಂತ ಘಟ್ಟ ಹತ್ತಿದವರು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೂ ಇದ್ದಾರೆ. ಅಲ್ಲಿ ಒಬ್ಬರು ಹೃದಯಾಘಾತವಾಗಿ ತೀರಿಕೊಂಡರು ಅಂತಿಟ್ಟುಕೊಳ್ಳಿ. ಮಯ್ಯತನ್ನು ಆಂಬುಲೆನ್ಸಿನಲ್ಲಿ ಹಾಕಿ ರಾತ್ರಿಯಿಡೀ ಓಡಿಸಿ ಸುಮಾರು 500 ಕಿಲೋಮೀಟರ್ ಆಚೆಯ ಊರಿಗೆ ತರುತ್ತೇವೆ. ಮಗ್ರಿಬಿನೊಳಗೆ ದಫನ್. ತಿಂಗಳೆರಡು ಕಳೆದ ಮೇಲೆ ಬ್ಯಾಂಕಿನವರು ಮರಣ ಪ್ರಮಾಣಪತ್ರ ಕೇಳಿದಾಗ ಮನೆಯವರು ಪಂಚಾಯತ್‌ಗೆ ಹೋಗುತ್ತಾರೆ. ಅಲ್ಲಿ ಸಿಗುವ ಉತ್ತರ ಒಂದೇ: ‘ಮರಣ ಎಲ್ಲಿ ಆಯಿತೋ ಅಲ್ಲಿಗೇ ಹೋಗಿ.’

ಆ ಉತ್ತರ ಸರಿಯಾದದ್ದೇ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮರಣ ದಾಖಲಾಗಬೇಕಾದದ್ದು ಮರಣವಾದ ಸ್ಥಳದಲ್ಲಿ. ದಫನ್ ಆದ ಸ್ಥಳದಲ್ಲಿ ಅಲ್ಲ, ಆಧಾರ್ ಕಾರ್ಡಿನ ವಿಳಾಸದಲ್ಲಿಯೂ ಅಲ್ಲ. ಆಸ್ಪತ್ರೆಯಲ್ಲಿ ಆದರೆ ವರದಿ ಕೊಡುವ ಹೊಣೆ ಆಸ್ಪತ್ರೆಯದ್ದು. ಮನೆಯಲ್ಲಾದರೆ ಮನೆಯ ಯಜಮಾನರದ್ದು ಅಥವಾ ಹತ್ತಿರದ ಸಂಬಂಧಿಕರದ್ದು. ಲಾಡ್ಜಿನಲ್ಲಾದರೆ ಅದನ್ನು ನಡೆಸುವವರದ್ದು. ಓಡುತ್ತಿರುವ ವಾಹನದಲ್ಲಿ ಜೀವ ಹೋದರೆ ವಾಹನ ಮೊದಲು ನಿಂತ ಸ್ಥಳದಲ್ಲಿ ತಿಳಿಸಬೇಕು. ದೊಡ್ಡ ಆಸ್ಪತ್ರೆಗೆ ಅಂತ ಹೊರಟು ದಾರಿಯಲ್ಲೇ ತೀರಿಕೊಂಡವರ ಮನೆಯವರು ಇದನ್ನು ನೆನಪಿಡಬೇಕು.

ಗಲ್ಫಿನಿಂದ ಮಯ್ಯತ್ ಬರುವಾಗ ಕಾಗದವೂ ಜೊತೆಗೇ ಬರುತ್ತದೆ. ಕಾಗದವಿಲ್ಲದೆ ವಿಮಾನಕ್ಕೆ ಹಾಕುವುದಿಲ್ಲ. ಸಿಂದಗಿಯಿಂದ ಬರುವ ಆಂಬುಲೆನ್ಸಿನವರಲ್ಲಿ ಮರಣ ನೋಂದಣಿ ಆಗಿದೆಯಾ ಅಂತ ಯಾರು ಕೇಳುತ್ತಾರೆ? ದುಬೈಯ ಮರಣಕ್ಕಿಂತ ನಮ್ಮದೇ ರಾಜ್ಯದ ಮರಣದ ದಾಖಲೆ ಕಷ್ಟವಾಗುವುದು ಹೀಗೆ.

ಇದರಲ್ಲಿ ದಿನಗಳ ಲೆಕ್ಕ ಮುಖ್ಯ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ವಿಳಂಬ ಶುಲ್ಕ ಕಟ್ಟಿದರೆ ಸಾಕು. ಅದು ದಾಟಿ ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿ ಇಲ್ಲ. ಈಗ ವಿಧವೆಯ ಇದ್ದತ್ತಿನ ಲೆಕ್ಕ ಹಾಕಿ. ನಾಲ್ಕು ತಿಂಗಳು ಹತ್ತು ದಿನ. ಆಕೆ ಇದ್ದತ್ ಮುಗಿಸುವಷ್ಟರಲ್ಲಿ ಸುಲಭದ ಎರಡು ಬಾಗಿಲೂ ಮುಚ್ಚಿರುತ್ತವೆ. ಹಾಗಾಗಿ ಇದು ಆಕೆಗೆ ಬಿಟ್ಟುಬಿಡುವ ಕೆಲಸ ಅಲ್ಲವೇ ಅಲ್ಲ; ಗಂಡಸರು, ಜಮಾಅತಿನವರು ಮುಂದೆ ನಿಂತು ಮಾಡಬೇಕಾದದ್ದು.

ಒಂದು ಕಾಗದಕ್ಕೆ ಇಷ್ಟು ಮಂಡೆಬಿಸಿ ಯಾಕೆ ಅನ್ನುವವರಿದ್ದಾರೆ. ವಿಧವಾ ವೇತನ, ಬ್ಯಾಂಕಿನ ಠೇವಣಿ, ಜಾಗದ ಪೌತಿ ಖಾತೆ, ಎಲ್ಲದಕ್ಕೂ ಆ ಕಾಗದವೇ ಆಧಾರ. ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಜೀವನ ಜ್ಯೋತಿ ವಿಮೆ ತೀರಿಹೋದವರ ಖಾತೆಯಲ್ಲಿದ್ದರೆ ಮನೆಯವರಿಗೆ ಬರಬೇಕಾದದ್ದು 2 ಲಕ್ಷ ರೂಪಾಯಿ. ಆಸ್ತಿಯನ್ನು ಪಾಲು ಮಾಡುವ ಮೊದಲು ತೀರಿಹೋದವರ ಸಾಲ ತೀರಿಸಬೇಕು ಅಂತ ನಾವು ಮದ್ರಸದಲ್ಲಿ ಕಲಿಸುತ್ತೇವೆ. ಹಣವೆಲ್ಲ ಬ್ಯಾಂಕಿನಲ್ಲೇ ಸಿಕ್ಕಿಕೊಂಡರೆ ಸಾಲ ತೀರಿಸುವುದು ಹೇಗೆ? ಯತೀಂ ಮಕ್ಕಳ ಪಾಲು ಕೈಗೆ ಬರುವುದು ಹೇಗೆ?

ಇನ್ನು ಕೆಲವರು ಹೇಳಿಕೊಡುವ ಅಡ್ಡದಾರಿಯೊಂದುಂಟು. ‘ಮರಣ ಇಲ್ಲೇ ಮನೆಯಲ್ಲಿ ಆಯಿತು ಅಂತ ಬರೆಸಿಬಿಡಿ, ಜಮಾಅತಿನ ಪತ್ರ ಕೊಡುವ.’ ದಯವಿಟ್ಟು ಬೇಡ. ಸುಳ್ಳು ಮಾಹಿತಿ ಕೊಡುವುದು ಕಾನೂನಿನಲ್ಲಿ ಅಪರಾಧ, ಸುಳ್ಳು ಸಾಕ್ಷಿ ದೀನಿನಲ್ಲಿ ದೊಡ್ಡ ಪಾಪ. ಮೇಲಾಗಿ ಅದು ನಿಲ್ಲುವುದೂ ಇಲ್ಲ. ಆಸ್ಪತ್ರೆಯ ಕಾಗದದಲ್ಲಿ ಮುದ್ದೇಬಿಹಾಳ, ಪ್ರಮಾಣಪತ್ರದಲ್ಲಿ ಬಂಟ್ವಾಳ ಅಂತಿದ್ದರೆ ವಿಮೆಯವರು ಕಡತವನ್ನೇ ಬದಿಗಿಡುತ್ತಾರೆ. ಜಮಾಅತಿನ ಪುಸ್ತಕ ದಫನ್ ಆದದ್ದಕ್ಕೆ ಸಾಕ್ಷಿ. ಮರಣ ಎಲ್ಲಿ ಆಯಿತು ಎಂಬುದಕ್ಕೆ ಅಲ್ಲ.

ಹೆಸರಿನ ವಿಷಯದಲ್ಲಿಯೂ ಜಾಗ್ರತೆ ಬೇಕು. ಮನೆಯಲ್ಲಿ ಮೋನು, ಅಂಗಡಿಯಲ್ಲಿ ಬಾವಾಕ, ಆಧಾರಿನಲ್ಲಿ ಮುಹಮ್ಮದ್ ಅಂತ ಇರುತ್ತದೆ. ವಿಜಯಪುರದ ಕಡೆ ಹೆಸರಿನ ಕೊನೆಗೆ ‘ಸಾಬ’ ಸೇರಿಸುವುದು ರೂಢಿ. ಬಾಯಲ್ಲಿ ಹೇಳಿ ಬರೆಸಿದರೆ ಬರೆಯುವವರು ತಮ್ಮ ಕಿವಿಗೆ ಕೇಳಿದ ಹಾಗೆ ಬರೆಯುತ್ತಾರೆ. ಆಧಾರಿನ ಪ್ರತಿಯನ್ನೇ ಮುಂದಿಟ್ಟು, ಬರೆದದ್ದನ್ನು ಓದಿ ನೋಡಿ. ತಪ್ಪಾದರೆ ತಿದ್ದುಪಡಿಗೆ ಅವಕಾಶ ಉಂಟು, ಆದರೆ ಅದಕ್ಕೂ ಮತ್ತೆ ಅಲ್ಲಿಗೇ ಹೋಗಬೇಕು.

ಹಳೆಯ ಮರಣಗಳ ಕಥೆ ಬೇರೆ. ಅಜ್ಜನ ಹೆಸರಿನ ಜಾಗಕ್ಕೆ ಈಗ ದಾಖಲೆ ಹುಡುಕುವವರು ತಾಲೂಕು ಕಚೇರಿಯ ದಾಖಲೆ ಕೊಠಡಿಯವರೆಗೆ ಹೋಗಬೇಕಾಗುತ್ತದೆ. ಅಲ್ಲಿ ಇಸವಿ, ತಿಂಗಳು, ಹಳ್ಳಿಯ ಹೆಸರು ಹೇಳದಿದ್ದರೆ ಹುಡುಕುವುದು ಕಷ್ಟ. ತಾಲೂಕುಗಳೂ ಒಡೆದಿವೆ. ಈಗಿನ ತಾಳಿಕೋಟಿ ಮೊದಲು ಮುದ್ದೇಬಿಹಾಳಕ್ಕೆ ಸೇರಿತ್ತು, ಚಡಚಣ ಇಂಡಿಗೆ, ದೇವರ ಹಿಪ್ಪರಗಿ ಸಿಂದಗಿಗೆ, ನಿಡಗುಂದಿ ಮತ್ತು ಕೊಲ್ಹಾರ ಬಸವನ ಬಾಗೇವಾಡಿಗೆ. ಹಳೆಯ ರಿಜಿಸ್ಟರ್ ಯಾವ ಕಚೇರಿಯಲ್ಲಿದೆ ಅಂತ ಮೊದಲು ಕೇಳಿ ತಿಳಿದು ಬಸ್ ಹತ್ತಿ. ನಮೂದೇ ಇಲ್ಲದಿದ್ದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಕೇಳಿ ಪಡೆಯಿರಿ. ಮ್ಯಾಜಿಸ್ಟ್ರೇಟರ ಮುಂದೆ ಹೋಗಲು ಅದು ಬೇಕಾಗುತ್ತದೆ.

ನಮ್ಮ ಕೋರಿಕೆ ಜಮಾಅತ್ ಸಮಿತಿಗಳಲ್ಲಿ. ಮರಣದ ವಿಷಯ ತಿಳಿಸಬೇಕಾದವರ ಸಾಲಿನಲ್ಲಿ ಕಾಯ್ದೆಯ 10ನೇ ಸೆಕ್ಷನ್ ಖಬರ್‌ಸ್ತಾನದಂಥ ಸ್ಥಳಗಳ ಉಸ್ತುವಾರಿ ನೋಡುವವರನ್ನೂ ಸೇರಿಸಿದೆ. ಹಾಗಾಗಿ ಇದು ‘ಅವರ ಮನೆಯ ವಿಷಯ’ ಅಂತ ಕೈ ತೊಳೆದುಕೊಳ್ಳುವಂತಿಲ್ಲ. ಮಯ್ಯತನ್ನು ಕಾಯಿಸಿ ಕಚೇರಿ ಅಲೆಯಿರಿ ಅಂತ ನಾವು ಹೇಳುವುದಿಲ್ಲ. ದಫನ್ ತಡವಾಗಬಾರದು. ಮಯ್ಯತ್ ಹೊರಡಲಿ, ಒಬ್ಬರು ಅಲ್ಲಿ ಉಳಿಯಲಿ. ಆಸ್ಪತ್ರೆಯವರು ವರದಿ ಕಳಿಸಿದರಾ ಅಂತ ವಿಚಾರಿಸಲಿ, ಮನೆಯಲ್ಲಾದ ಮರಣವಾದರೆ ಅಲ್ಲಿನ ಕಚೇರಿಯಲ್ಲಿ ತಿಳಿಸಿ ರಶೀದಿ ಪಡೆಯಲಿ. ಉಳಿಯಲು ಯಾರೂ ಇಲ್ಲದಿದ್ದರೆ ಅಲ್ಲಿನ ಮಸೀದಿಯವರ, ಅಂಜುಮನ್‌ನವರ ಸಹಾಯ ಕೇಳುವ. ಖಬರ್ ಅಗೆಯುವಾಗ ಊರಿನ ಸಮಿತಿಯವರು ಒಂದು ಪ್ರಶ್ನೆ ಕೇಳಲಿ: ‘ಮರಣ ಎಲ್ಲಿ ಆಯಿತು, ಅಲ್ಲಿ ತಿಳಿಸಿದ್ದೀರಾ?’ ಉತ್ತರವನ್ನು ದಫನಿನ ಪುಸ್ತಕದಲ್ಲೇ ಬರೆದಿಡಲಿ. 15ನೇ ದಿನ ಮನೆಯವರಿಗೆ ಒಮ್ಮೆ ಫೋನ್ ಮಾಡಿ ನೆನಪಿಸಲಿ.

ಮಯ್ಯತ್ ಪರಿಪಾಲನೆ ಫರ್ಳ್ ಕಿಫಾಯ. ಊರಿನಲ್ಲಿ ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ನೋಂದಣಿಯೂ ಹಾಗೇ ಅಂತ ನಾವು ಫತ್ವಾ ಕೊಡಲು ಹೊರಟಿಲ್ಲ. ಆದರೆ ತೀರಿಹೋದವರಿಗಾಗಿ ಅಷ್ಟು ಕೈಗಳು ಸೇರುವ ಜಮಾಅತಿನಲ್ಲಿ, ಬದುಕುಳಿದ ವಿಧವೆಗೂ ಯತೀಂ ಮಕ್ಕಳಿಗೂ ಬೇಕಾದ ಒಂದು ಕಾಗದಕ್ಕೆ ಒಂದು ಕೈ ಸಿಗಲಾರದೇ?